ಕಪ್ಲರ್ ಮಾಮ ತಮಿಳಿನಲ್ಲಿ ಹೇಳಿದ್ದು

ಮಾಮನ ಬಗ್ಗೆ ಒಳ್ಳೆಯದನ್ನೆಲ್ಲ ಮೊದಲೇ ಹೇಳಿ ಮುಗಿಸಿಬಿಡುತ್ತೇನೆ. ಆಮೇಲೆ ಹೇಳುವಷ್ಟು ತಾಳ್ಮೆ ನನಗೆ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಹೆಸರು ಬರೆಯುವುದಿಲ್ಲ. ಅತ್ತೆ ಇದ್ದಾಳೆ, ಮಗ ಇದ್ದಾನೆ, ಅವನ ವರ್ಕ್‌ಶಾಪು ನಡೆಯುತ್ತಿದೆ. ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಮನೆಯೊಳಗೆ ಕನ್ನಡ ಆಡುವ ನಮ್ಮ ಜನ ಹೇಗಾದರೂ ಒಬ್ಬರಿಗೊಬ್ಬರು ನೆಂಟರೇ ಆಗಿರುತ್ತಾರೆ. ಇಲ್ಲಿ ಹೆಸರು ಬರೆದರೆ ನಾಳೆ ಯಾರಾದರೂ ಮಾರ್ಕಯನ್‌ಕೋಟ್ಟೈಯಲ್ಲಿರುವ ನನ್ನ ತಂಗಿಯ ಮನೆ ಬಾಗಿಲಿಗೆ ಜಗಳಕ್ಕೆ ಹೋಗುತ್ತಾರೆ. ಎದುರಿಗೆ ಇದ್ದಾಗ ಅವನನ್ನು ‘ನೀವು’ ಎನ್ನುತ್ತಿದ್ದೆ. ಈಗ ಬರೆಯುವಾಗ ‘ಅವನು’ ಎಂದೇ ಬರುತ್ತಿದೆ. ಬರಲಿ.

ಅವನು ನಮ್ಮ ಅವ್ವನಿಗೆ ದೂರದ ತಮ್ಮ. ಹಾಗಾಗಿ ನನಗೆ ಮಾಮ, ಅವನಿಗೆ ನಾನು ಮಾಪ್ಳೆ, ಅಂದರೆ ಅಳಿಯ. ತೇನಿಯಲ್ಲಿ ಕಂಬಂ ರಸ್ತೆಯ ಪಕ್ಕ ಒಂದು ತಗಡಿನ ಶೆಡ್ ಹಾಕಿಕೊಂಡು ಟ್ರ್ಯಾಕ್ಟರು, ಟಿಪ್ಪರುಗಳ ಹೈಡ್ರಾಲಿಕ್ ಕೆಲಸ ಮಾಡುತ್ತಿದ್ದ. ಗ್ರೀಸಿನ ಕೆಲಸ ಮಾಡುವವನು ಬಿಳಿ ಅಂಗಿ ತೊಡುವುದುಂಟೇ? ಅವನು ತೊಡುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕುತ್ತಿಗೆಗೆ ಪೌಡರು, ಜೇಬಿನಲ್ಲಿ ಬಾಚಣಿಗೆ. ಸಂಜೆ ಶೆಡ್ ಮುಚ್ಚುವಾಗಲೂ ಅಂಗಿಯ ಮೇಲೆ ಒಂದು ಹನಿ ಎಣ್ಣೆ ಇರುತ್ತಿರಲಿಲ್ಲ. ‘ಎಣ್ಣೆ ಮೈಮ್ಯಾಕೆ ಬಿತ್ತು ಅಂದ್ರೆ ಅವನಿಗೆ ಕೆಲ್ಸ ಬರಲ್ಲ ಅಂತ ಅರ್ತ’ ಎಂದು ಉಳಿದ ಮೆಕ್ಯಾನಿಕ್‌ಗಳಿಗೆ ಕೇಳುವ ಹಾಗೇ ಹೇಳುತ್ತಿದ್ದ. ಜಂಬ ಅವನಿಗೆ ಒಡವೆಯಂತೆ ಒಪ್ಪುತ್ತಿತ್ತು.

ತೇನಿ ಆಗಷ್ಟೇ ಜಿಲ್ಲೆಯಾಗಿತ್ತು. ಎಲ್ಲಿ ನೋಡಿದರೂ ಅಡಿಪಾಯ, ಮಣ್ಣುಗುಡ್ಡೆ. ಆ ಹೊತ್ತಿಗೆ ಸರಿಯಾಗಿ ನಮ್ಮ ಮುದಲಾಳಿ, ಅಂದರೆ ನಾನು ಕೆಲಸಕ್ಕಿದ್ದ ಯಜಮಾನರು, ಬಂದರಿನ ಕಡೆಯಿಂದ ಒಂದು ಹಳೆಯ ಪುಟ್ಟ ಲೋಡರ್ ತರಿಸಿದರು. ಅವರು ತಮಿಳರು, ಚಿನ್ನಮನೂರಿನವರು. ಓಡೈಪಟ್ಟಿಯಲ್ಲಿ ದ್ರಾಕ್ಷಿ ತೋಟ, ತೇನಿಯಲ್ಲಿ ಕಟ್ಟಡದ ಗುತ್ತಿಗೆ. ಜೆಸಿಬಿ ಮಾತ್ರ ನೋಡಿದ್ದ ಜನ ಈ ಗುಜ್ಜಾರಿ ಯಂತ್ರಕ್ಕೆ ‘ಕುಟ್ಟಿಯಾನೆ’ ಎಂದು ಹೆಸರಿಟ್ಟರು, ಆನೆಮರಿ ಅಂತ. ಆನೆಮರಿಯ ಮಾವುತ ನಾನು. ಅದರ ಮೂತಿಗೆ ಬೇಕಾದ್ದನ್ನು ಸಿಕ್ಕಿಸಬಹುದಿತ್ತು: ಮಣ್ಣು ತುಂಬಲು ಬಕೆಟ್ಟು, ಚಪ್ಪರದ ಕಂಬಕ್ಕೆ ಗುಂಡಿ ಕೊರೆಯಲು ದೊಡ್ಡ ಬೈರಿಗೆ, ಕಲ್ಲುಕಂಬವನ್ನು ಕಚ್ಚಿ ಎತ್ತಲು ಇಕ್ಕಳ. ಆ ಸೀಟಿನ ಮೇಲೆ ಕುಳಿತು ಓಡೈಪಟ್ಟಿಯ ಬೀದಿಯಲ್ಲಿ ಹೋದರೆ ದಾರಿಯಲ್ಲಿ ಎಲ್ಲರೂ ನಿಂತು ನೋಡುತ್ತಿದ್ದರು. ನಮ್ಮ ಮನೆತನದಲ್ಲಿ ಯಾರಿಗೂ ಅಂಥ ಸೀಟು ಸಿಕ್ಕಿರಲಿಲ್ಲ.

ಆದರೆ ಒಂದು ತೆಗೆದು ಇನ್ನೊಂದನ್ನು ಹಾಕುವಾಗಲೆಲ್ಲ ಎಣ್ಣೆಯ ರಬ್ಬರ್ ಹೋಸು ಬಿಚ್ಚಬೇಕು, ಕೂಡಿಸಬೇಕು. ಅವು ಕೂಡುವ ಜಾಗವೇ ಕಪ್ಲರ್. ಗಂಡೊಂದು, ಹೆಣ್ಣೊಂದು; ಒತ್ತಿದರೆ ಮೇಲಿನ ಉಂಗುರ ಕಟಕ್ಕೆಂದು ಜಾರಿ ಹಿಡಿದುಕೊಳ್ಳುತ್ತದೆ. ಇಡೀ ಕುಟ್ಟಿಯಾನೆಯಲ್ಲಿ ಎಂದೂ ಕೆಡದ ಭಾಗಗಳು ಎಷ್ಟೋ ಇದ್ದವು. ಈ ಹೆಬ್ಬೆರಳಿನಷ್ಟು ಗಾತ್ರದ ಕಪ್ಲರ್ ಮಾತ್ರ ನೆಗಡಿಯಾದ ಮಗುವಿನ ಹಾಗೆ ಸದಾ ಸುರಿಯುತ್ತಿತ್ತು. ಆ ಕಾರಣಕ್ಕೇ ಮಾಮನಿಗೂ ನನಗೂ ವಾರವಿಡೀ ಒಡನಾಟ, ಆ ಕಾರಣಕ್ಕೇ ಅವನಿಗೆ ಕಪ್ಲರ್ ಮಾಮ ಎಂಬ ಹೆಸರು.

ಅವನು ಸೋರುವ ಕಪ್ಲರನ್ನು ನೋಡುವ ರೀತಿಯೇ ಬೇರೆ. ಉಳಿದವರು ಬಂದ ಕೂಡಲೇ ಸ್ಪ್ಯಾನರ್ ಹಿಡಿಯುತ್ತಿದ್ದರು. ಮಾಮ ಮೊದಲು ಬಟ್ಟೆಯಿಂದ ಅದನ್ನು ಪೂರ್ತಿ ಒರೆಸಿ, ಒಣಗಿಸಿ, ಎದುರಿಗೆ ಕುಕ್ಕರಗಾಲಲ್ಲಿ ಕೂತು ಸುಮ್ಮನೆ ನೋಡುತ್ತಿದ್ದ. ಎಣ್ಣೆ ಎಲ್ಲೆಲ್ಲೋ ಹರಿದಿರುತ್ತದೆ, ಹುಟ್ಟಿದ ಜಾಗ ಒಂದೇ ಎಂಬುದು ಅವನ ಲೆಕ್ಕ. ನಾನು ಒಮ್ಮೆ ಅವಸರಕ್ಕೆ ಬೆರಳಿಟ್ಟು ಸವರಲು ಹೋದೆ. ಮಣಿಕಟ್ಟಿಗೇ ಒಂದು ಏಟು ಬಿತ್ತು.

‘ಕೈ ಇಕ್ಬ್ಯಾಡ ಮಾಪ್ಳೆ! ಅಟ್ಟೆ ಇಕ್ಕು, ಅಟ್ಟೆ!’ ಎಂದು ರಟ್ಟಿನ ಚೂರೊಂದನ್ನು ಕೈಗೆ ತುರುಕಿದ. ‘ಇಂಜಿನ್ ಓಡ್ತಿರೋವಾಗ ಎಣ್ಣೆ ಸೂಜಿ ಇದ್ದಂಗೆ. ಚರ್ಮದೊಳಕ್ಕೆ ಹೊಕ್ಕೊಂಡ್ರೆ ಹೊರಗೆ ಏನೂ ಕಾಣಲ್ಲ. ಆಮ್ಯಾಕೆ ಡಾಕ್ಟ್ರು ಬೆರಳೇ ತೆಗೀತಾರೆ.’

ರಟ್ಟಿನ ಮೇಲೆ ಎಣ್ಣೆ ಬಿದ್ದ ಗುರುತು ನೋಡಿ ಅವನು ಕೇಳುವ ಪ್ರಶ್ನೆ ಒಂದೇ: ‘ಕೂಡಿದ್ದಾಗ ಒಸರ್ತದಾ, ಬಿಚ್ಚಿದ್ದಾಗ ಒಸರ್ತದಾ?’ ಕೂಡಿದ್ದಾಗ ಸೋರಿದರೆ ಹೆಣ್ಣಿನ ಬಾಯೊಳಗಿನ ರಬ್ಬರ್ ಬಳೆ ಹರಿದಿದೆ. ಬಿಚ್ಚಿದ್ದಾಗ ಸೋರಿದರೆ ಒಳಗೆ ಬಾಯಿ ಮುಚ್ಚಬೇಕಾದ ಗುಂಡು ಸರಿಯಾಗಿ ಕೂರುತ್ತಿಲ್ಲ. ಎರಡೂ ಅಲ್ಲದಿದ್ದರೆ ಹಿಂದಿನ ಥ್ರೆಡ್ಡು ನೋಡು. ಅಷ್ಟೇ. ಇದನ್ನು ನನಗೆ ಹೇಳಿಕೊಟ್ಟವನು ಅವನೇ, ಇಂದಿಗೂ ನಾನು ಅನ್ನ ತಿನ್ನುವುದು ಈ ವಿದ್ಯೆಯಿಂದಲೇ. ಹೊಟ್ಟೆ ಉರಿದರೂ ಇದನ್ನು ಇಲ್ಲ ಎನ್ನಲಾರೆ.

ಓಡೈಪಟ್ಟಿಯ ತೋಟದಲ್ಲಿ ಒಂದು ಮಧ್ಯಾಹ್ನ ಬೈರಿಗೆಯನ್ನು ಬಿಸಿಲಿನಲ್ಲಿ ಬಿಟ್ಟು ಊಟಕ್ಕೆ ಹೋಗಿದ್ದೆವು. ಬಿಸಿಲಿಗೆ ಹೋಸಿನೊಳಗಿನ ಎಣ್ಣೆ ಉಬ್ಬಿ ಒತ್ತಡ ಏರಿತ್ತು, ಕಪ್ಲರ್ ಏನು ಮಾಡಿದರೂ ಕೂಡಲೊಲ್ಲದು. ಕೂಲಿಯವರಲ್ಲಿ ಒಬ್ಬ ಅದರ ಮೂತಿಯನ್ನು ಕಲ್ಲುಕಂಬಕ್ಕೆ ಟಣ್ ಟಣ್ ಎಂದು ಬಡಿಯತೊಡಗಿದ. ಗುಂಡು ಒಳಕ್ಕೆ ಹೋಗಿ ಎಣ್ಣೆ ಚಿಮ್ಮಿದರೆ ಒತ್ತಡ ಇಳಿಯುತ್ತದೆ ಎಂಬುದು ಆ ಭಾಗದ ಜನರ ವೈದ್ಯ. ಮಾಮ ಅಷ್ಟು ದೂರದಿಂದಲೇ ಕೂಗಿಕೊಂಡು ಬಂದ. ನನ್ನ ಕಡೆ ತಿರುಗಿ, ‘ನೆಗಡಿ ಬಂತು ಅಂತ ಮೂಗು ಕುಯ್ಕೊಂತಾರಾ ಮಾಪ್ಳೆ?’ ಎಂದ. ಹಿಂದಿನ ನಟ್ಟಿನ ಮೇಲೆ ದಪ್ಪ ಬಟ್ಟೆ ಹೊದಿಸಿ, ಮುಖ ಆಚೆ ಮಾಡಿ, ಕೂದಲೆಳೆಯಷ್ಟು ಸಡಿಲಿಸಿದ. ಉಸ್ಸೆಂದು ಸದ್ದಾಯಿತು. ನಟ್ಟು ಬಿಗಿದು, ಎರಡೇ ಬೆರಳಿನಲ್ಲಿ ಕಪ್ಲರ್ ಒತ್ತಿ ಕೂಡಿಸಿದ. ಆಮೇಲೆ ಬಾಚಣಿಗೆ ತೆಗೆದು ತಲೆ ಬಾಚಿಕೊಂಡ. ಕೂಲಿಯವರು ಚಪ್ಪಾಳೆ ತಟ್ಟುವುದೊಂದು ಬಾಕಿ.

ಆಯುಧಪೂಜೆ ಮುಗಿದ ವಾರ ಅವನಿಗೆ ಸುಗ್ಗಿ. ಜನ ಯಂತ್ರಗಳಿಗೆ ಗಂಧ ತೇಯ್ದು ಎಲ್ಲೆಂದರಲ್ಲಿ ಬೊಟ್ಟಿಡುತ್ತಾರಲ್ಲ, ಹೊಳೆಯುವ ಕಪ್ಲರ್ ಕಂಡರೆ ಬಿಡುತ್ತಾರೆಯೇ? ಗಂಧ ಒಣಗಿ ಪುಡಿಯಾಗಿ ಒಳಗೆ ಸೇರಿ ರಬ್ಬರ್ ಬಳೆಯನ್ನು ಕುಯ್ಯುತ್ತಿತ್ತು. ನಮ್ಮ ಅವ್ವನೂ ಕುಟ್ಟಿಯಾನೆಯ ಪೂಜೆಗೆ ಬಂದು ಎಲ್ಲ ಕಪ್ಲರುಗಳ ಬಾಯಿಗೂ ಗಂಧ ಕುಂಕುಮ ಮೆತ್ತಿದ್ದಳು. ಮಾಮ ನೋಡಿ ನಕ್ಕ. ‘ಅಕ್ಕಾ, ಹಣೆಗೆ ಬೊಟ್ಟಿಕ್ಕು, ಬ್ಯಾಡ ಅನ್ನಲ್ಲ. ಬಾಯಿಗೆ ಯಾಕೆ ತುರುಕ್ತೀಯೆ? ಅದೇನು ನಿನ್ ಸೊಸೆಯಾ, ಬಾಯಿ ಮುಚ್ಸಕ್ಕೆ?’ ಎಂದ. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದು ನನಗೆ ಈಗಲೂ ಕಾಣುತ್ತದೆ. ಮುಂದಿನ ವರ್ಷ ಅವಳು ತೀರಿಕೊಂಡಾಗ ತೌರಿನ ಸೀರೆ ತಂದು ಹೊದಿಸಿದವನೂ ಅವನೇ. ಒಡಹುಟ್ಟಿದವರು ಇದ್ದೂ ಬರಲಿಲ್ಲ. ಇವನು ಬಂದ. ಅಂದಿನಿಂದ ನನಗೆ ಅವನು ಬರೀ ಮಾಮನಾಗಿ ಉಳಿಯಲಿಲ್ಲ, ತಾಯಿಯ ಕಡೆಯವರೆಂದರೆ ಇವನೊಬ್ಬನೇ ಎಂದುಕೊಂಡೆ.

ಗಂಡು ಹೆಣ್ಣು ಎರಡೂ ಒಂದೇ ಕಂಪನಿಯದಾಗಿರಬೇಕು ಎಂಬ ವಿಷಯದಲ್ಲಿ ಅವನು ಮಡಿವಂತ. ನಮ್ಮಲ್ಲಿ ಮದುವೆಗೆ ಮೊದಲು ಮುರೈ ನೋಡುತ್ತಾರೆ. ಅಂದರೆ ಕೊಟ್ಟು ತರಬಹುದಾದ ಸಂಬಂಧವೋ ಅಲ್ಲವೋ ಎಂದು. ಕಪ್ಲರಿಗೂ ಮುರೈ ನೋಡಬೇಕು ಎನ್ನುತ್ತಿದ್ದ. ‘ಮುರೈ ತಪ್ಪಿದ ಗಂಡ ಹೆಂಡ್ತಿ ಹೆಂಗೋ ಬಾಳ್ವೆ ಮಾಡ್ತಾರೆ. ಮುರೈ ತಪ್ಪಿದ ಕಪ್ಲರು ಕಟಕ್ ಅಂತದೆ, ಕೂಡ್ದಂಗೇ ಇರ್ತದೆ. ಭಾರ ಬಿದ್ದಾಗ ಕೈ ಬಿಡ್ತದೆ.’ ಬಂದವರಿಗೆಲ್ಲ ಇದನ್ನು ಹೇಳಿ ನಗಿಸುತ್ತಿದ್ದ.

ಇನ್ನು ನಮ್ಮಿಬ್ಬರ ಕೆಲಸದ ಪದ್ಧತಿಯೊಂದನ್ನು ಹೇಳಬೇಕು. ಮುದಲಾಳಿ ಪಕ್ಕದಲ್ಲೇ ನಿಂತಿರುತ್ತಿದ್ದರು. ನಾವಿಬ್ಬರೂ ಯಂತ್ರದ ಮೇಲೆ ಬಗ್ಗಿ ನಮ್ಮ ಮಾತಿನಲ್ಲಿ ಚರ್ಚೆ ಮಾಡುತ್ತಿದ್ದೆವು. ಏನು ಕೆಟ್ಟಿದೆ, ಯಾರ ತಪ್ಪು, ಎಷ್ಟು ಹೊತ್ತು ಬೇಕು, ಎಲ್ಲ. ಬೈಯುವುದಿದ್ದರೂ ಅದರಲ್ಲೇ. ಕೊನೆಗೆ ಮಾಮ ತಲೆಯೆತ್ತಿ ತೀರ್ಪನ್ನು ತಮಿಳಿನಲ್ಲಿ ಮುದಲಾಳಿಗೆ ಹೇಳುತ್ತಿದ್ದ. ನಾನು ತಲೆಯಾಡಿಸುತ್ತಿದ್ದೆ. ಹೊರಗಿನವರ ಎದುರಿಗೆ ನಮ್ಮವರು ಜಗಳವಾಡಬಾರದು, ಹಿರಿಯ ಮಾತಾಡುವಾಗ ಕಿರಿಯ ಬಾಯಿ ಹಾಕಬಾರದು ಎಂಬುದು ನಮ್ಮ ಅಜ್ಜಂದಿರ ಕಾಲದಿಂದ ಬಂದ ನಡೆ. ಎಷ್ಟೋ ಸಲ ಅವನು ನನ್ನನ್ನು ಹೀಗೇ ಕಾಪಾಡಿದ್ದ. ನಾನು ಬೈರಿಗೆಯನ್ನು ಬಂಡೆಗೆ ಕೊಟ್ಟು ಮುರಿದಾಗ ಕನ್ನಡದಲ್ಲಿ ಕತ್ತೆ, ಎಮ್ಮೆ ಎಂದು ಉಗಿದು, ತಮಿಳಿನಲ್ಲಿ ‘ಹಳೇ ಕಬ್ಬಿಣ ಮುದಲಾಳಿ, ಇವನೇನು ಮಾಡ್ತಾನೆ’ ಎಂದಿದ್ದ. ಹೀಗಾಗಿ ಅವನ ತಮಿಳಿನ ಮೇಲೆ ನನಗೆ ಪೂರ್ತಿ ನಂಬಿಕೆ.

ಒಳ್ಳೆಯದು ಇಲ್ಲಿಗೆ ಮುಗಿಯಿತು.

ಓಡೈಪಟ್ಟಿಯಲ್ಲಿ ಮುದಲಾಳಿಯ ಹೊಸ ತೋಟಕ್ಕೆ ಕಲ್ಲುಕಂಬ ನಿಲ್ಲಿಸುವ ಕೆಲಸ. ಇಕ್ಕಳದ ಕಪ್ಲರ್ ವಿಪರೀತ ಸೋರುತ್ತಿತ್ತು. ಹಿಂದಿನ ದಿನ ಯಂತ್ರವನ್ನು ಶೆಡ್ಡಿಗೆ ಒಯ್ದಿದ್ದೆ. ಬೆಳಿಗ್ಗೆ ಮಾಮ ಕೀ ಕೈಗಿಟ್ಟು, ‘ಹೊಸ ಜೋಡಿ ಹಾಕಿವ್ನಿ. ಕಣ್ ಮುಚ್ಕೊಂಡು ಓಡ್ಸು’ ಎಂದ. ನಾನು ತೋಟದಲ್ಲಿ ಇಕ್ಕಳ ಸಿಕ್ಕಿಸಿದೆ, ಕಪ್ಲರ್ ಒತ್ತಿದೆ, ಉಂಗುರ ಜಾರಿ ಕೂತಿತು. ಎಳೆದು ನೋಡಿದೆ, ಬರಲಿಲ್ಲ. ಹೊಸ ಜೋಡಿ ಎಂದ ಅವನ ಮಾತು ನಂಬಿ ಕಂಪನಿ ನೋಡಲಿಲ್ಲ; ಅವನು ಕಲಿಸಿದ ಉಳಿದದ್ದನ್ನು ಒಂದೂ ಬಿಡದೆ ಮಾಡಿದೆ.

ಬೆಳಗಿನ ಕೆಲಸ ನಿರಾತಂಕವಾಗಿ ನಡೆಯಿತು. ಆಮೇಲೆ ಒಂದು ಉದ್ದನೆಯ ಕಂಬ ಎತ್ತಿದೆ. ಕಂಬ ನಿಲ್ಲಿಸುವ ಮೇಸ್ತ್ರಿ ಗುಂಡಿಯ ಬಳಿ ನಿಂತು ಕೈ ಸನ್ನೆ ಮಾಡುತ್ತಿದ್ದ. ಠಪ್ಪೆಂದು ಕಪ್ಲರ್ ಕಳಚಿತು. ಬಿಸಿ ಎಣ್ಣೆ ನನ್ನ ಮುಖಕ್ಕೆ ರಾಚಿತು. ಕಳಚಿದಾಗ ಮುಚ್ಚಿಕೊಳ್ಳಬೇಕಾದ ಗುಂಡೂ ಮುಚ್ಚಿಕೊಳ್ಳಲಿಲ್ಲ, ಇಕ್ಕಳ ಸಡಿಲಾಗಿ ಕಂಬ ಜಾರಿತು. ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ಮೇಸ್ತ್ರಿ ಕಂಬದ ಪಕ್ಕ ಬಿದ್ದಿದ್ದ. ಅವನ ಬಲಪಾದ ಅದರ ಕೆಳಗಿತ್ತು. ಆ ಕೂಗು ನಾನು ಮರೆಯುವುದಿಲ್ಲ. ಅವನನ್ನು ವ್ಯಾನಿನಲ್ಲಿ ತೇನಿ ಆಸ್ಪತ್ರೆಗೆ ಸಾಗಿಸಿದರು. ಬೆರಳುಗಳು ಹೋದವು, ಪಾದ ಮತ್ತೆ ನೆಟ್ಟಗಾಗಲಿಲ್ಲ.

ಮಾಮ ಮೊಪೆಡ್ಡಿನಲ್ಲಿ ಬಂದ. ಬಿಳಿ ಅಂಗಿ. ಮುದಲಾಳಿ, ಅವರ ತಮ್ಮ, ಕೂಲಿಯವರು, ಮೇಸ್ತ್ರಿಯ ಭಾವಮೈದ, ಎಲ್ಲರೂ ಹಳೆಯ ಚಪ್ಪರದ ನೆರಳಿನಲ್ಲಿ ನಿಂತಿದ್ದರು. ಮಾಮ ಯಾರೊಂದಿಗೂ ಮಾತಾಡದೆ ನೇರ ಯಂತ್ರದ ಹತ್ತಿರ ಹೋದ. ನಾನೂ ಹೋದೆ. ಕಪ್ಲರಿನ ಎರಡು ತುಂಡುಗಳನ್ನೂ ಒರೆಸಿ ಅಂಗೈಯಲ್ಲಿಟ್ಟುಕೊಂಡ. ನನಗೂ ಕಂಡಿತು. ಹೆಣ್ಣು ಹೊಸದು, ಯಾವುದೋ ಟ್ರೇಲರಿನದು. ಗಂಡು ನಮ್ಮ ಯಂತ್ರದ ಹಳೆಯದೇ, ಮೂತಿ ಸವೆದದ್ದು. ಬೇರೆ ಬೇರೆ ಕಂಪನಿ. ಸರಿಯಾದ ಜೋಡಿ ಕೋಯಮುತ್ತೂರಿನಿಂದ ಬರಬೇಕಿತ್ತು, ಬಂದಿರಲಿಲ್ಲ. ‘ಆಗಲಿಲ್ಲ’ ಎಂದು ಮುದಲಾಳಿಗೆ ಹೇಳುವುದು ಆ ಜಂಬದ ಮನುಷ್ಯನಿಗೆ ಆಗಿರಲಿಲ್ಲ.

ಅವನು ಆ ತುಂಡುಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. ತಲೆಯೆತ್ತದೆ ನಮ್ಮ ಮಾತಿನಲ್ಲಿ ಮೆಲ್ಲಗೆ ಹೇಳಿದ: ‘ಮುರೈ ಸೇರ್ಲಿಲ್ಲ ಮಾಪ್ಳೆ. ತಪ್ಪು ನಂದೇ. ನೀ ಸುಮ್ಕಿರು, ನಾ ಮಾತಾಡ್ತೀನಿ.’

ನಾನು ಸುಮ್ಮನಿದ್ದೆ. ಸುಮ್ಮನಿರದೆ ಇನ್ನೇನು? ತಪ್ಪು ಒಪ್ಪಿಕೊಂಡವನನ್ನು ಕಂಡು ಅಯ್ಯೋ ಪಾಪ ಎನಿಸಿತ್ತು. ಎಷ್ಟು ಬೈಗುಳ ತಿನ್ನುತ್ತಾನೋ, ಪಕ್ಕದಲ್ಲಿ ನಿಲ್ಲಬೇಕು ಎಂದುಕೊಂಡು ಅವನ ಹಿಂದೆಯೇ ನಡೆದೆ.

ಮಾಮ ಮುದಲಾಳಿಯ ಎದುರು ನಿಂತು ತಮಿಳಿನಲ್ಲಿ ಹೇಳಿದ: ‘ಅವನ್ ಲಾಕ್ ಸರಿಯಾ ಪೋಡಲೆ ಮುದಲಾಳಿ. ಅವಸರಪಟ್ಟುಟ್ಟಾನ್.’

ನಾನು ಉಂಗುರದ ಲಾಕ್ ಸರಿಯಾಗಿ ಹಾಕಿರಲಿಲ್ಲವಂತೆ. ಅವಸರಪಟ್ಟೆನಂತೆ.

ನಾನು ಅಭ್ಯಾಸದಂತೆ ತಲೆಯಾಡಿಸಲು ಹೊರಟಿದ್ದೆ ಎಂದರೆ ನೀವು ನಗಬಹುದು. ಮಾತು ಒಳಗೆ ಇಳಿಯಲು ಅಷ್ಟು ಹೊತ್ತು ಬೇಕಾಯಿತು. ಆಮೇಲೆ ನಾನು ಕೂಗಾಡಿದೆ. ತಮಿಳಿನಲ್ಲೇ ಕೂಗಾಡಿದೆ. ಎರಡು ಕಂಪನಿಯ ತುಂಡು ಹಾಕಿದ್ದಾರೆ, ಈಗ ತಾನೆ ನನ್ನೆದುರು ತಪ್ಪು ಒಪ್ಪಿಕೊಂಡರು, ತುಂಡು ತೋರಿಸಿ ಎಂದೆ. ಮಾಮ ಅವನ್ನು ಆಗಲೇ ಚೀಲಕ್ಕೆ ಹಾಕಿಕೊಂಡಿದ್ದ. ‘ಚಿಕ್ಕ ಹುಡ್ಗ, ಭಯಪಟ್ಟವ್ನೆ’ ಎಂದ, ಅದೂ ತಮಿಳಿನಲ್ಲಿ, ಕರುಣೆಯಿಂದ. ನನಗಾಗ ಮೂವತ್ತು ದಾಟಿತ್ತು, ಮನೆಯಲ್ಲಿ ಎರಡು ಮಕ್ಕಳು.

ಮುದಲಾಳಿ ಕೆಟ್ಟವರಲ್ಲ. ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ‘ಈಗ ನಿಮ್ಮ ಭಾಷೆಯಲ್ಲಿ ಇಬ್ಬರೂ ಮಾತಾಡಿಕೊಂಡಿರಲ್ಲ, ಆಗ ಜಗಳ ಇರಲಿಲ್ಲ. ನೀನು ತಲೆ ಬಗ್ಗಿಸಿಕೊಂಡು ಅವನ ಹಿಂದೆ ಬಂದೆ. ಇಷ್ಟು ವರ್ಷ ಅವನು ಹೇಳಿದ್ದಕ್ಕೆಲ್ಲ ಹೌದು ಎಂದವನು ನೀನು. ಇವತ್ತು ಮಾತ್ರ ಅವನು ಸುಳ್ಳನಾ?’ ನಮ್ಮ ಮಾತು ಬಲ್ಲವರು ಆ ಚಪ್ಪರದ ಕೆಳಗೆ ನಾವಿಬ್ಬರೇ.

ಸೀಟು ಅಂದೇ ಹೋಯಿತು. ಸೀಟು ಹೋದರೆ ಹೋಗಲಿ, ಇನ್ನೊಂದು ಸಿಗುತ್ತದೆ. ಆದರೆ ಕಣಿವೆ ಎಷ್ಟು ದೊಡ್ಡದು? ತೇನಿಯಿಂದ ಕಂಬಂವರೆಗೆ ಎಲ್ಲಿ ಹೋದರೂ ನನಗಿಂತ ಮೊದಲು ನನ್ನ ಸುದ್ದಿ ಬಸ್ಸಿಳಿದು ನಿಂತಿರುತ್ತಿತ್ತು: ಮೇಸ್ತ್ರಿಯ ಕಾಲು ತೆಗೆದವನು. ಚಿನ್ನಮನೂರು ಸಂತೆಯಲ್ಲಿ ಮೇಸ್ತ್ರಿಯ ಹೆಂಡತಿ ನನ್ನನ್ನು ಕಂಡು ನೆಲಕ್ಕೆ ಉಗಿದಳು. ಅವಳದೇನೂ ತಪ್ಪಿಲ್ಲ. ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಉಗುಳು ಬಿದ್ದದ್ದು ನೆಲಕ್ಕಾದರೂ ನಾನು ಮನೆಗೆ ಬಂದು ಮುಖ ತೊಳೆದುಕೊಂಡೆ.

ಮಾಮ ಮನೆಗೆ ಬರಲಿಲ್ಲ. ಬೇರೆಯವರ ಕೈಯಲ್ಲಿ ಹೇಳಿ ಕಳಿಸಿದ: ‘ಮಾಪ್ಳೆ ವಯಸ್ಸಿನವ್ನು, ಎಲ್ಲಾದ್ರೂ ಹೋಗಿ ಬದುಕ್ಕೊಂತಾನೆ. ನಂಗೆ ಈ ಶೆಡ್ ಬಿಟ್ರೆ ಏನದೆ?’ ಅವನು ಹೇಳಿದಂತೆ ಎಲ್ಲಾದರೂ ಹೋದೆ. ಗಡಿ ದಾಟಿ ಚಾಮರಾಜನಗರದ ಕಡೆ ಕಲ್ಲುಗಣಿಯೊಂದರಲ್ಲಿ ಲೋಡರ್ ಓಡಿಸಲು ಸೇರಿದೆ. ಬಾಯಲ್ಲಿ ಆಡಲು ಮಾತ್ರ ಬರುತ್ತಿದ್ದ ಭಾಷೆಯನ್ನು ಓದಲು ಬರೆಯಲು ಕಲಿತದ್ದು ಅಲ್ಲೇ. ಅಲ್ಲಿನವರು ನನ್ನ ಕನ್ನಡ ಕೇಳಿ ನಗುತ್ತಿದ್ದರು, ತಮಿಳಿನವನು ಎನ್ನುತ್ತಿದ್ದರು. ಸೋರುವ ಕಪ್ಲರ್ ನೋಡಿದರೆ ಮಾತ್ರ ಎಲ್ಲರೂ ನನ್ನನ್ನೇ ಕರೆಯುತ್ತಿದ್ದರು. ನಾನು ಒರೆಸಿ, ಒಣಗಿಸಿ, ಕುಕ್ಕರಗಾಲಲ್ಲಿ ಕೂರುತ್ತಿದ್ದೆ. ಅವನ ಹಾಗೆಯೇ ಕೂತಿದ್ದೇನೆ ಎಂದು ಹೊಳೆದಾಗ ಎದ್ದು ನಿಂತುಬಿಡುತ್ತಿದ್ದೆ.

ಎರಡು ವರ್ಷವಾಗಿರಬಹುದು. ಎದೆನೋವಿನಿಂದ ಮಾಮ ಹೋದ ಎಂದು ತಂಗಿ ಗಣಿಯ ಆಫೀಸಿಗೆ ಫೋನ್ ಮಾಡಿದಳು. ಹೋಗುವುದಿಲ್ಲ ಎಂದೆ. ‘ಅವ್ವನಿಗೆ ಸೀರೆ ತಂದೋರು ಅವ್ರು, ಅಣ್ಣಾ’ ಎಂದಳು. ಬಸ್ಸು ಹಿಡಿದು, ದಿಂಡಿಗಲ್ಲಿನಲ್ಲಿ ಬಸ್ಸು ಬದಲಿಸಿ, ತೇನಿಗೆ ಬಂದಿಳಿದೆ.

ಮನೆಯ ಮುಂದೆ ಪೆಂಡಾಲು. ಅದರ ಕೆಳಗೆ ಕುರ್ಚಿಯಲ್ಲಿ ಮುದಲಾಳಿ ಕೂತಿದ್ದರು. ಪಕ್ಕದಲ್ಲಿ ಮೇಸ್ತ್ರಿ, ಕೋಲು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು. ಇಬ್ಬರೂ ನನ್ನನ್ನು ನೋಡಿ ಮುಖ ಆ ಕಡೆ ಮಾಡಿದರು. ಒಳಗೆ ಹೋದೆ. ಮಾಮನನ್ನು ನಡುಮನೆಯಲ್ಲಿ ಮಲಗಿಸಿದ್ದರು, ಸುತ್ತ ಹೆಂಗಸರು. ಬಾಗಿಲ ಬಳಿಯೇ ಅತ್ತೆ ನನ್ನ ಎರಡೂ ಕೈ ಹಿಡಿದುಕೊಂಡು ಗೋಳೋ ಎಂದಳು.

‘ಬಂದ್ಯಾ ಅಪ್ಪಾ! ನಿನ್ ಮಾಮ ಕಡೇತನ್ಕ ನಿನ್ನೇ ನೆನೀತಿದ್ರು. ಉಣ್ಣಕ್ಕೆ ಕೂತಾಗೆಲ್ಲ ಅದೇ ಮಾತು. ಮಾಪ್ಳೆ ಲಾಕ್ ಹಾಕ್ದೆ ಬಿಡೋನಲ್ಲ, ತಪ್ಪು ನಂದು, ಅವನ್ ಮ್ಯಾಕೆ ಹಾಕ್ಬಿಟ್ಟೆ ಅಂತಿದ್ರು. ಬೇಕಾದ್ರೆ ಇವ್ರನ್ನ ಕೇಳು.’

ಸುತ್ತ ಕೂತ ಹೆಂಗಸರು ಹೌದು ಹೌದೆಂದು ತಲೆಯಾಡಿಸಿದರು. ನಮ್ಮ ದೊಡ್ಡವ್ವ, ಮಾಮನ ತಂಗಿಯರು, ಬೀಗರು. ಎಲ್ಲರಿಗೂ ಗೊತ್ತಿತ್ತು. ಎರಡು ವರ್ಷ, ಇಷ್ಟು ಮನೆಗಳಲ್ಲಿ, ಇಷ್ಟು ಊಟದ ಎಲೆಗಳ ಮುಂದೆ ನನ್ನ ಸತ್ಯ ಓಡಾಡಿಕೊಂಡಿತ್ತು. ಹೊಸಲು ದಾಟಿ ಹೊರಗೆ ಬಂದಿರಲಿಲ್ಲ, ಅಷ್ಟೇ. ಮಾಮ ಒಬ್ಬನೇ ನನಗೆ ಮೋಸ ಮಾಡಿದ ಎಂದುಕೊಂಡು ಬಂದಿದ್ದೆ. ಆ ನಡುಮನೆಯಲ್ಲಿ ನಿಂತಾಗ ನನ್ನವರು ಎನ್ನಲು ಒಬ್ಬರೂ ಉಳಿಯಲಿಲ್ಲ.

‘ಅತ್ತೆ,’ ಎಂದೆ, ‘ಮುದಲಾಳಿ ಹೊರಗೇ ಕೂತವ್ರೆ. ಮೇಸ್ತ್ರಿನೂ ಕೂತವ್ನೆ. ಈ ಮಾತು ಅವ್ರಿಗೆ ಒಂದ್ಸಲ ಹೇಳ್ಬಿಡು. ನಂಗೆ ಇನ್ನೇನೂ ಬ್ಯಾಡ.’

ಅತ್ತೆಯ ಅಳು ನಿಂತಿತು. ಬಾಗಿಲಾಚೆ ನೋಡಿದಳು. ಅವಳ ಮಗ ಮುದಲಾಳಿಯ ಮುಂದೆ ಬಗ್ಗಿ ಸೋಡಾ ಕೊಡುತ್ತಿದ್ದ. ಅವರ ಎಲ್ಲ ಯಂತ್ರಗಳ ಕೆಲಸವೂ ಈಗ ಅವನ ಶೆಡ್ಡಿಗೇ ಬರುತ್ತಿತ್ತು. ಹೆಂಗಸರೆಲ್ಲ ನೆಲ ನೋಡತೊಡಗಿದರು. ಅತ್ತೆ ನನ್ನ ಕೈ ಬಿಟ್ಟಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಹೊರಗೆ ಕೂತವರಿಗೂ ಕೇಳುವಷ್ಟು ಜೋರಾಗಿ, ತಮಿಳಿನಲ್ಲಿ, ‘ವಾಪ್ಪಾ, ವಂದು ಮಾಮಾ ಮುಗತ್ತೆ ಪಾರು’ ಎಂದಳು. ಬಾರಪ್ಪ, ಬಂದು ಮಾಮನ ಮುಖ ನೋಡು.

ಸಾವಿನ ಮನೆಗೆ ಹೋದವನು ಸತ್ತವರ ಮುಖ ನೋಡದೆ ಬರಬಾರದು ಎನ್ನುತ್ತಾರೆ. ನಾನು ಬಂದುಬಿಟ್ಟೆ.